ಉದ್ಯಾನದ ಶಿಲ್ಪಕ್ಕೆ ಬೇಲಿ ಬೇಡ: ನಿವಾಸಿಗಳ ಮನವಿ

ಗೆ,
ಮಾನ್ಯ ಪೌರಾಯುಕ್ತರು,
ನಗರಸಭೆ.

ವಿಷಯ: ಉದ್ಯಾನದ ಶಿಲ್ಪದ ಸುತ್ತ ಕಂಬಿಬೇಲಿ ಕೈಬಿಡುವುದು ಮತ್ತು ಕಾಂಪೌಂಡ್ ಗೋಡೆಯ ಚಿತ್ರಗಳ ಕುರಿತು.

ಮಾನ್ಯರೇ,

ಉದ್ಯಾನದಲ್ಲಿ ಸ್ಟೇನ್‌ಲೆಸ್ ಸ್ಟೀಲ್ ಶಿಲ್ಪ ನಿಲ್ಲಿಸುವ ಯೋಜನೆಗೆ ನಮ್ಮೆಲ್ಲರ ಒಪ್ಪಿಗೆಯಿದೆ. ಅದರ ಸುತ್ತ ಹಾಕಲಿರುವ ಬೇಲಿಯನ್ನು ಮಾತ್ರ ಕೈಬಿಡಬೇಕೆಂದು ಕೋರುತ್ತೇವೆ.

ಷಿಕಾಗೋದಲ್ಲಿ ಅನೀಶ್ ಕಪೂರ್ ರಚಿಸಿದ ‘ಕ್ಲೌಡ್ ಗೇಟ್’ ಶಿಲ್ಪಕ್ಕೆ 168 ಸ್ಟೇನ್‌ಲೆಸ್ ಉಕ್ಕಿನ ತಗಡುಗಳನ್ನು ಬೆಸೆದು, ಬೆಸುಗೆಯ ಗೆರೆ ಕಾಣದಂತೆ ಉಜ್ಜಿದ್ದಾರೆ. ಜನ ಅದರ ಹೊಟ್ಟೆಯಡಿ ನುಗ್ಗಿ ತಮ್ಮದೇ ಸೊಟ್ಟ ಬಿಂಬ ನೋಡುತ್ತಾರೆ, ಮುಟ್ಟುತ್ತಾರೆ. ಬೆರಳಚ್ಚು ಮೂಡುವ ಕೆಳಭಾಗವನ್ನು ದಿನವೂ ಒರೆಸುತ್ತಾರೆ. ಜನ ಮೆಚ್ಚುವ ಕಲೆಗೆ ಇಷ್ಟು ಆರೈಕೆ ಬೇಕೇ ಬೇಕು. ನ್ಯೂಯಾರ್ಕಿನಲ್ಲಿ 1981ರಲ್ಲಿ ನಿಂತ ರಿಚರ್ಡ್ ಸೆರ್ರಾ ಅವರ ‘ಟಿಲ್ಟೆಡ್ ಆರ್ಕ್’ 120 ಅಡಿ ಉದ್ದ, 12 ಅಡಿ ಎತ್ತರದ ಉಕ್ಕಿನ ಗೋಡೆ. ಚೌಕ ದಾಟುವ ದಾರಿಗೇ ಅಡ್ಡ ಬಂದಿದೆಯೆಂಬ ದೂರು ನಿಲ್ಲಲಿಲ್ಲ, 1989ರಲ್ಲಿ ಅದನ್ನು ಕಿತ್ತರು. ಆದ್ದರಿಂದ ಜಾಗ ಗುರುತಿಸುವ ಮೊದಲು ಹುಲ್ಲು ಸವೆದು ಮೂಡಿರುವ ಕಾಲುದಾರಿಗಳನ್ನು ನಕ್ಷೆಯಲ್ಲಿ ಎಳೆದುಕೊಳ್ಳಿ.

ಬೇಲಿ ಬೇಡವೆಂದರೆ ಶಿಲ್ಪವನ್ನೇ ಮಕ್ಕಳ ಕೈಗೆ ತಕ್ಕಂತೆ ಮಾಡಿಸಬೇಕು. ಅಂಚುಗಳನ್ನೆಲ್ಲ ದುಂಡಗೆ ಮಾಡಿಸಿ. ಸಂದುಗಳು 9 ಸೆಂ.ಮೀ.ಗಿಂತ ಕಿರಿದಾಗಿರಲಿ ಅಥವಾ 23 ಸೆಂ.ಮೀ.ಗಿಂತ ಅಗಲವಾಗಿರಲಿ. ನಡುವಿನ ಅಳತೆಯಲ್ಲಿ ಮಗುವಿನ ದೇಹ ತೂರಿ ತಲೆ ಸಿಕ್ಕಿಕೊಳ್ಳುತ್ತದೆ. ಕನ್ನಡಿಯಂತೆ ಹೊಳೆಯುವ, ಬಟ್ಟಲಿನಂತೆ ಒಳಬಾಗಿದ ಮೈ ಬಿಸಿಲಿಗೆ ಎದುರಾಗಿ ನಿಲ್ಲಬಾರದು, ಕಿರಣಗಳನ್ನು ಒಂದೆಡೆ ಕೂಡಿಸಿ ಸುಡುತ್ತದೆ.

ತುಕ್ಕಿನ ವಿಷಯದಲ್ಲಿ ಹೆಚ್ಚು ಎಚ್ಚರ ಬೇಕು. ಸ್ಟೇನ್‌ಲೆಸ್ ಮೈಗೆ ಸಾಮಾನ್ಯ ಕಬ್ಬಿಣದ ಬೋಲ್ಟ್ ಹಾಕಿದರೆ ಮೊದಲ ಮಳೆಗಾಲಕ್ಕೇ ಕಂದು ಗೆರೆ ಇಳಿಯಬಹುದು. ಕಬ್ಬಿಣದ ತಂತಿ ಬ್ರಷ್‌ನಿಂದ ಬೆಸುಗೆ ಉಜ್ಜಿದರೂ ಅದೇ ಪಾಡು: ಕಣಗಳು ಮೈಯಲ್ಲಿ ನಾಟಿ ತುಕ್ಕು ಹಿಡಿಯುತ್ತವೆ. ಟೊಳ್ಳು ಭಾಗಗಳ ತಳದಲ್ಲಿ ನೀರು ಬಸಿಯಲು ತೂತು ಬಿಡಿಸಿ.

ಇನ್ನು ಗೋಡೆಯ ಚಿತ್ರಗಳು. ಚಿತ್ರ ಉದುರುವುದು ಹೆಚ್ಚಾಗಿ ಬಣ್ಣದ ದೋಷದಿಂದಲ್ಲ, ಒಳಗಿನ ತೇವದಿಂದ. ನೀರಿನ ಜೊತೆ ಉಪ್ಪು ಹೊಮ್ಮಿ ಬಣ್ಣದ ಪದರವನ್ನು ಎಬ್ಬಿಸುತ್ತದೆ. ಹೊಸ ಗಿಲಾವಾದರೆ ಕನಿಷ್ಠ 28 ದಿನ ಬಿಡಿ. ಆಮೇಲೆ 45 ಸೆಂ.ಮೀ. ಚೌಕದ ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚನ್ನು ಟೇಪಿನಿಂದ ಗೋಡೆಗೆ ಅಂಟಿಸಿ, ಮರುದಿನ ತೆಗೆದು ನೋಡಿ. ಒಳಗೆ ಹನಿ ಕಂಡರೆ ಪ್ರೈಮರ್ ಕೂಡ ಹಚ್ಚಬೇಡಿ. ಗೋಡೆಯ ಬುಡದಲ್ಲಿ ನೀರು ನಿಲ್ಲದಂತೆ ಮೊದಲು ಚರಂಡಿ ಸರಿಪಡಿಸಿ.

ಈ ಅಂಶಗಳನ್ನೂ ಐದು ವರ್ಷದ ನಿರ್ವಹಣೆಯನ್ನೂ ಟೆಂಡರ್ ಷರತ್ತಿನಲ್ಲಿ ಸೇರಿಸಬೇಕಾಗಿಯೂ, ಮಾದರಿಗಳನ್ನು ಉದ್ಯಾನದಲ್ಲೇ ಜನರ ಮುಂದಿಟ್ಟು ಅಭಿಪ್ರಾಯ ಪಡೆದ ನಂತರವೇ ಕಾರ್ಯಾದೇಶ ನೀಡಬೇಕಾಗಿಯೂ ವಿನಂತಿಸುತ್ತೇವೆ.

ಇತಿ ತಮ್ಮ ವಿಶ್ವಾಸಿಗಳು,
ಉದ್ಯಾನದ ಸುತ್ತಲಿನ ನಿವಾಸಿಗಳು