ಬೂಸಾ ಒಂದೇ ಅಲ್ಲ ಬಸವಲಿಂಗಪ್ಪ

ಗೆಳೆಯ,

ಮೊನ್ನೆ ಫೋನಿನಲ್ಲಿ ಎಪ್ಪತ್ತರ ದಶಕದ ದಲಿತ ಮಂತ್ರಿ ಬಿ. ಬಸವಲಿಂಗಪ್ಪನವರ ಹೆಸರೆತ್ತಿದ ಕೂಡಲೇ "ಬೂಸಾ ಅಂದವರಲ್ವಾ?" ಎಂದೆ ನೀನು. ನಿನ್ನನ್ನೊಬ್ಬನನ್ನೇ ಯಾಕೆ ಅನ್ನಲಿ, ನಮ್ಮ ಮೈಸೂರು, ಮಂಡ್ಯ ಕಡೆ ಯಾರನ್ನು ಕೇಳಿದರೂ ಇಷ್ಟೇ ಹೇಳುತ್ತಾರೆ. ಆ ಭಾಷಣ ಆಗಿದ್ದೂ ಮೈಸೂರಿನಲ್ಲೇ, 1973ರ ನವೆಂಬರಿನಲ್ಲಿ. ಕನ್ನಡ ಸಾಹಿತ್ಯದಲ್ಲಿ ಬೂಸಾನೇ ಜಾಸ್ತಿ ಎಂದರು. ಗಲಾಟೆ ರಾಜ್ಯವೆಲ್ಲ ಹಬ್ಬಿತು. ಅವರ ಪರ ನಿಂತ ದಲಿತ ಹುಡುಗರಿಗೆ ಏಟು ಬಿತ್ತು. ಇವರ ಮಂತ್ರಿ ಪದವಿಯೂ ಹೋಯಿತು. ಮುಂದೆ ದಲಿತ ಸಂಘರ್ಷ ಸಮಿತಿ ಹುಟ್ಟಿದ್ದು ಆ ಕಿಚ್ಚಿನಲ್ಲೇ.

ಆದರೆ ನನಗೆ ದೊಡ್ಡದಾಗಿ ಕಾಣುವುದು ಅವರ ಇನ್ನೊಂದು ಕೆಲಸ. ದೇವರಾಜ ಅರಸು ಸರ್ಕಾರದಲ್ಲಿ ಪೌರಾಡಳಿತ ಮಂತ್ರಿಯಾಗಿದ್ದಾಗ ಅವರು ತಲೆ ಮೇಲೆ ಮಲ ಹೊರುವ ಪದ್ಧತಿಯನ್ನು ನಿಷೇಧಿಸಿದರು. ಮೈಸೂರಿನ ಹಳೇ ಬಡಾವಣೆಗಳಲ್ಲಿ ಮನೆಗಳ ಹಿಂದೆ ಕನ್ಸರ್ವೆನ್ಸಿ ಗಲ್ಲಿ ಇದೆಯಲ್ಲ, ಈಗ ನಾವು ಸ್ಕೂಟರ್ ನಿಲ್ಲಿಸುವ ಜಾಗ? ಅಂಥ ಗಲ್ಲಿ ಬಿಟ್ಟಿದ್ದೇ ಕಕ್ಕಸು ಬಳಿಯುವವರು ಮುಂಬಾಗಿಲಿಗೆ ಬರದಿರಲಿ ಅಂತ. ತಗಡಿನಿಂದ ಬಳಿದು, ಬುಟ್ಟಿಗೋ ಡಬ್ಬಕ್ಕೋ ತುಂಬಿ, ತಲೆ ಮೇಲೆ ಹೊತ್ತು ಸಾಗಿಸಬೇಕು. ಮಳೆ ಬಂದರೆ ಮುಖದ ಮೇಲೇ ಸೋರುತ್ತಿತ್ತು. ಮಾಡುವವರಿಗೆ ಅದು ಜಾತಿಯಿಂದ ಬಂದ ಕೆಲಸ, ಬಿಡುವ ಹಾಗಿಲ್ಲ. ಬಸವಲಿಂಗಪ್ಪ ವಕೀಲರು. ಅಯ್ಯೋ ಪಾಪ ಎಂದು ಸುಮ್ನೆ ಕೂರಲಿಲ್ಲ, ಸರ್ಕಾರದ ಕೈಯಿಂದಲೇ ನಿಲ್ಲಿಸಲು ಹೊರಟರು. ಕೇಂದ್ರದಲ್ಲಿ ಇಂಥ ಕಾಯ್ದೆ ಬಂದಿದ್ದು 1993ರಲ್ಲಿ. ಅಷ್ಟರಲ್ಲಿ ಅವರೇ ತೀರಿಹೋಗಿದ್ದರು.

ಅಲ್ಲಿಗೆ ಮುಗಿಯಿತು ಅಂದುಕೊಳ್ಳಬೇಡ ಕಣೋ. ಕೋಲಾರದ ಕೆಜಿಎಫ್‌ನಲ್ಲಿ ಆಮೇಲೂ ಒಣ ಕಕ್ಕಸುಗಳಿದ್ದವು, ಅಂದರೆ ನೀರು ಹರಿಯದ, ಕೈಯಿಂದಲೇ ಬಳಿಯಬೇಕಾದಂಥವು. ಆ ಕೆಲಸ ಮಾಡುವವರ ಮನೆಯಲ್ಲೇ ಹುಟ್ಟಿದ ಬೆಜವಾಡ ವಿಲ್ಸನ್ ಅವುಗಳ ವಿರುದ್ಧ ನಿಂತರು, ಸಫಾಯಿ ಕರ್ಮಚಾರಿ ಆಂದೋಲನ ಕಟ್ಟಿದರು, ಸುಪ್ರೀಂ ಕೋರ್ಟಿಗೂ ಹೋದರು. 2010ರಲ್ಲಿ ಹಾವೇರಿಯ ಸವಣೂರಿನಲ್ಲಿ ಇದೇ ಕೆಲಸ ಮಾಡುತ್ತಿದ್ದ ಭಂಗಿ ಸಮುದಾಯದವರು ಪ್ರತಿಭಟನೆಗೆಂದು ಪುರಸಭೆ ಎದುರು ಮೈಮೇಲೆ ಮಲ ಸುರಿದುಕೊಂಡರು. ನಿಷೇಧವಾಗಿ ಮೂರು ದಶಕ ದಾಟಿದ ಮೇಲಿನ ಮಾತಿದು! ಮ್ಯಾನ್‌ಹೋಲಿಗೆ ಇಳಿದು ಸತ್ತವರ ಮನೆಯವರಿಗೆ ಪರಿಹಾರ ಸುಪ್ರೀಂ ಕೋರ್ಟಿನ 2014ರ ತೀರ್ಪಿನಲ್ಲಿ 10 ಲಕ್ಷ, 2023ರಲ್ಲಿ 30 ಲಕ್ಷ. ಮೊತ್ತ ಏರಿತು, ಸಾವು ನಿಂತಿಲ್ಲ.

ನಿಮ್ಮ ದೊಡ್ಡಪ್ಪ ಆಗ ಇಲ್ಲೇ ಓದುತ್ತಿದ್ದರು ಅಂದಿದ್ದೆಯಲ್ಲ, ಬೂಸಾ ಗಲಾಟೆಯಲ್ಲಿ ಯಾವ ಕಡೆ ನಿಂತಿದ್ದರು ಅಂತ ಕೇಳು. ಬೈದರೂ ಪರವಾಗಿಲ್ಲ, ಹೇಳಿದ್ದನ್ನು ಬರೆದು ಕಳಿಸು.

ನಿನ್ನವ,
ಮೈಸೂರಿನಿಂದ