ಆ ಹತ್ತು ನಿಮಿಷಕ್ಕೆ ಕತ್ತರಿ ಹಾಕಬೇಡ

ಕಾರವಾರ

ಚಿ. ಪುಟ್ಟಿಗೆ ಮಾವನ ಆಶೀರ್ವಾದಗಳು.

ನಾವಿಲ್ಲಿ ಕ್ಷೇಮ. 1961ರಲ್ಲಿ ನಮ್ಮ ನೌಕಾಪಡೆ ಪೋರ್ಚುಗೀಸರಿಂದ ಬಿಡಿಸಿಕೊಂಡ ಅಂಜುದೀವ ದ್ವೀಪದ ಬಗ್ಗೆ ನೀನು ಕಳಿಸಿದ ಕಿರುಚಿತ್ರವನ್ನು ನಿನ್ನ ಅತ್ತೆ ಜೊತೆ ಕೂತು ಎರಡು ಸಲ ನೋಡಿದೆ. ಮೊದಲ ಹತ್ತು ನಿಮಿಷ ಎಳೆದಂತಾಗಿದೆ, ಅರ್ಧಕ್ಕೆ ಇಳಿಸು ಅಂತ ಅಲ್ಲಿನವರು ಹೇಳಿದ್ದಾರೆ, ನೀವೇನು ಹೇಳ್ತೀರಿ ಮಾವ ಅಂತ ಕೇಳಿದ್ದೀಯ. ಆ ಹತ್ತು ನಿಮಿಷಕ್ಕೆ ಕತ್ತರಿ ಹಾಕಬೇಡ ಪುಟ್ಟಿ.

ನೌಕಾಪಡೆಯಲ್ಲಿದ್ದ 15 ವರ್ಷದಲ್ಲಿ ಎಷ್ಟು ಸಲ ಲುಕ್‌ಔಟ್ ನಿಂತೆನೋ ಲೆಕ್ಕ ಇಟ್ಟಿಲ್ಲ. ಮಧ್ಯರಾತ್ರಿ 12ರಿಂದ 4ರವರೆಗಿನ ಕಾವಲು ಪಾಳಿ ಮುಗಿಸಿ ಕೆಳಗೆ ಇಳಿದರೆ, ಕಣ್ಣಿನ ಸುತ್ತ ದುರ್ಬೀನಿನ ರಬ್ಬರು ಒತ್ತಿದ ಉಂಗುರ ಬಿದ್ದಿರುತ್ತಿತ್ತು. ರೆಪ್ಪೆಗೆಲ್ಲ ಉಪ್ಪು. ಹಗಲು ಹೊತ್ತಾದರೆ ದೂರದಲ್ಲಿ ಒಂದು ಕಪ್ಪು ಚುಕ್ಕಿ ಕಾಣುತ್ತದೆ. ಅದು ಹಡಗೋ, ಮೋಡದ ನೆರಳೋ ಅಂತ ಗೊತ್ತಾಗುವಷ್ಟರಲ್ಲಿ ಚಹಾ ತಣ್ಣಗಾಗಿರುತ್ತದೆ. ಸಮುದ್ರದ ಯುದ್ಧ ಅಂದರೆ ಮುಕ್ಕಾಲು ಪಾಲು ಇದೇ. ಇದನ್ನು ತೆಗೆದುಹಾಕಿದರೆ ಉಳಿಯುವುದು ಸದ್ದು ಮಾತ್ರ.

1956ರ ‘ದಿ ಬ್ಯಾಟಲ್ ಆಫ್ ದಿ ರಿವರ್ ಪ್ಲೇಟ್’ ಒಂದು ಸಲ ನೋಡು. 1939ರ ಡಿಸೆಂಬರ್ 13ರ ಬೆಳಿಗ್ಗೆ ದಕ್ಷಿಣ ಅಟ್ಲಾಂಟಿಕ್‌ನಲ್ಲಿ ಜರ್ಮನಿಯ ಗ್ರಾಫ್ ಸ್ಪೀ ಹಡಗಿಗೂ ಬ್ರಿಟಿಷ್ ಕಡೆಯ ಮೂರು ಕ್ರೂಸರ್‌ಗಳಿಗೂ ಕಾಳಗವಾಯಿತು. ಮುಖ್ಯ ಹೊಡೆದಾಟ ಒಂದೂವರೆ ಗಂಟೆಯೊಳಗೆ ಮುಗಿಯಿತು. ಗ್ರಾಫ್ ಸ್ಪೀ ಉರುಗ್ವೆಯ ಮೊಂಟೆವಿಡಿಯೊ ಬಂದರಿಗೆ ಹೋಗಿ ನಿಂತಿತು. ಅಲ್ಲಿಂದ 17ರ ಸಂಜೆಯವರೆಗೆ ಬರೀ ಕಾಯುವುದು. ಚಿತ್ರದ ಉತ್ತರಾರ್ಧವೂ ಹಾಗೇ ಬಂದರಿನಲ್ಲೇ ಕೂತುಬಿಡುತ್ತದೆ. ರಾಯಭಾರಿಗಳ ಮಾತುಕತೆ, ದಡದಲ್ಲಿ ಜನ. ಇಲ್ಲಿ ಚಿತ್ರ ಬಿದ್ದುಹೋಯಿತು ಅನ್ನುವವರನ್ನು ಕಂಡಿದ್ದೇನೆ. ನನಗೆ ಚಿತ್ರದ ಜೀವ ಇರುವುದೇ ಅಲ್ಲಿ. ಹೊರಗೆ ದೊಡ್ಡ ಹಡಗುಗಳು ಬಂದು ನಿಂತಿವೆ ಅಂತ ಬ್ರಿಟಿಷರು ಸುದ್ದಿ ಹಬ್ಬಿಸಿದ್ದರು. ನಿಜವಾಗಿ ಬಂದು ಸೇರಿದ್ದು ಕಂಬರ್‌ಲ್ಯಾಂಡ್ ಅನ್ನುವ ಹಡಗು ಒಂದೇ. ಗ್ರಾಫ್ ಸ್ಪೀಯ ಕ್ಯಾಪ್ಟನ್ ಲ್ಯಾಂಗ್ಸ್‌ಡಾರ್ಫ್ ಆ ಸುದ್ದಿ ನಂಬಿ ತನ್ನ ಹಡಗನ್ನು ತಾನೇ ಮುಳುಗಿಸಿದ. ಆ ನಾಲ್ಕು ದಿನದ ಭಾರ ಹೆಗಲ ಮೇಲೆ ಬೀಳದಿದ್ದರೆ ಅವನು ಯಾಕೆ ಹಾಗೆ ಮಾಡಿದ ಅಂತ ನೋಡುವವರಿಗೆ ಹೇಗೆ ಅರ್ಥವಾಗಬೇಕು?

ಆ ಚಿತ್ರದಲ್ಲಿ ತಪ್ಪುಗಳೂ ಇವೆ. ಗ್ರಾಫ್ ಸ್ಪೀ ಪಾತ್ರ ಮಾಡಿದ್ದು ಅಮೆರಿಕದ ಸೇಲಂ ಹಡಗು. ನಿಜವಾದ ಹಡಗಿಗೆ ದೊಡ್ಡ ತೋಪಿನ ಗೋಪುರ ಎರಡು, ಇದಕ್ಕೆ ಮೂರು. ಇದನ್ನು ನಾನು ಮನಸ್ಸಿಗೆ ಹಚ್ಚಿಕೊಳ್ಳುವುದಿಲ್ಲ. ಅಸಲಿ ಹಡಗು ಸಮುದ್ರದ ತಳದಲ್ಲಿದೆ, ಇನ್ನೇನು ಮಾಡಬೇಕಿತ್ತು? ಆದರೆ ಆ ಮೂರು ಕ್ರೂಸರ್‌ಗಳಲ್ಲಿ ಒಂದಾದ ಅಕಿಲೀಸ್ ಪಾತ್ರದಲ್ಲಿ ಅಕಿಲೀಸೇ ಇದೆ. ಅಷ್ಟೊತ್ತಿಗೆ ಅದು ನಮ್ಮದಾಗಿತ್ತು. 1948ರಲ್ಲಿ ಕೊಂಡು ಡೆಲ್ಲಿ ಅಂತ ಹೆಸರಿಟ್ಟಿದ್ದರು. 1961ರ ಡಿಸೆಂಬರ್‌ನಲ್ಲಿ ನೌಕಾಪಡೆಯ ಮೈಸೂರು ಮತ್ತು ತ್ರಿಶೂಲ್ ಹಡಗುಗಳು ನಮ್ಮ ಅಂಜುದೀವದ ಮುಂದೆ ನಿಂತಾಗ, ಇದೇ ಡೆಲ್ಲಿ ದಿಯು ಮುಂದೆ ನಿಂತಿತ್ತು. ಅದನ್ನು ಪರದೆ ಮೇಲೆ ಕಂಡಾಗಲೆಲ್ಲ ನನ್ನ ಗಂಟಲು ಕಟ್ಟುತ್ತದೆ.

ಇನ್ನೊಂದು, 1960ರ ‘ಸಿಂಕ್ ದಿ ಬಿಸ್ಮಾರ್ಕ್!’. ಜರ್ಮನಿಯ ಬಿಸ್ಮಾರ್ಕ್ ಯುದ್ಧನೌಕೆಯನ್ನು ಬ್ರಿಟಿಷರು ಬೆನ್ನಟ್ಟಿ ಮುಳುಗಿಸಿದ ಕಥೆ. ಅದರ ಓಟ ಚೆನ್ನಾಗಿದೆ. ಲಂಡನ್ನಿನ ನೆಲಮಾಳಿಗೆಯ ನಕ್ಷೆ ಮೇಜು, ಅಲ್ಲಿಂದ ಸಮುದ್ರ, ಮತ್ತೆ ನಕ್ಷೆ. ಬ್ರಿಟಿಷರ ಪ್ರಿನ್ಸ್ ಆಫ್ ವೇಲ್ಸ್ ಹಡಗಿನ ಕ್ಯಾಪ್ಟನ್ ಆಗಿ ನಟಿಸಿದ ಎಸ್ಮಂಡ್ ನೈಟ್, 1941ರ ಮೇ 24ರಂದು ನಿಜವಾಗಿಯೂ ಅದೇ ಹಡಗಿನಲ್ಲಿದ್ದು ಬಿಸ್ಮಾರ್ಕ್ ಜೊತೆಗಿನ ಕಾಳಗದಲ್ಲೇ ಕಣ್ಣು ಕಳೆದುಕೊಂಡವನು. ಇಷ್ಟೆಲ್ಲ ಇದ್ದೂ ಎರಡು ಕಡೆ ನನಗೆ ನೋವಾಗುತ್ತದೆ. ಕೊನೆಯ ರಾತ್ರಿ ಬಿಸ್ಮಾರ್ಕ್ ಒಂದು ಬ್ರಿಟಿಷ್ ಡೆಸ್ಟ್ರಾಯರ್ ಮುಳುಗಿಸಿದಂತೆ ತೋರಿಸಿದ್ದಾರೆ. ಅಂಥದ್ದು ನಡೆದೇ ಇಲ್ಲ. ಕಾಯುವ ರಾತ್ರಿ ಬೇಜಾರಾದೀತು ಅನ್ನುವ ಹೆದರಿಕೆಗೆ ಇಲ್ಲದ ಹಡಗನ್ನು ಹುಟ್ಟಿಸಿ ಮುಳುಗಿಸಿದರು ಅಂತಲೇ ನನಗೆ ಅನ್ನಿಸುತ್ತದೆ. ಇನ್ನೊಂದು ಬಿಸ್ಮಾರ್ಕ್ ಮೇಲಿದ್ದ ಜರ್ಮನ್ ಅಡ್ಮಿರಲ್ ಲುಟ್ಯೆನ್ಸ್. ಚಿತ್ರದಲ್ಲಿ ಅವನು ಕೂಗಾಡುವ ನಾಜಿ. ನಿಜವಾದ ಮನುಷ್ಯ ಮಾತು ಕಡಿಮೆ, ಮಂಕು ಸ್ವಭಾವದವನು. 1938ರಲ್ಲಿ ಯಹೂದಿಗಳ ಮೇಲೆ ನಡೆದ ದಾಳಿಯನ್ನು ವಿರೋಧಿಸಿ ಮೇಲಧಿಕಾರಿಗೆ ಬರೆದವರಲ್ಲಿ ಅವನೂ ಒಬ್ಬ. ಸತ್ತವನು ಎದ್ದು ಬಂದು ನಾನು ಹಾಗಿರಲಿಲ್ಲ ಅನ್ನಲಾರ ಅಲ್ವಾ?

ಈಗ ನಿನ್ನ ಚಿತ್ರಕ್ಕೆ ಬರುತ್ತೇನೆ. ದೋಣಿಯಲ್ಲಿ ಕೂತ ನಾವಿಕ ಜೇಬಿನಿಂದ ಅಮ್ಮನ ಫೋಟೊ ತೆಗೆದು ನೋಡುತ್ತಾನೆ. ಅದನ್ನು ನಿನಗೆ ಯಾರು ಹೇಳಿದರು? ಯಾರೂ ಹೇಳಿಲ್ಲ, ನೀನೇ ಸೇರಿಸಿದ್ದು ಅಂತ ನನ್ನ ಅನುಮಾನ. ಅಂಜುದೀವದಲ್ಲಿ ನಮ್ಮ ಏಳು ಜನ ನಾವಿಕರು ಸತ್ತರು. ಅವರ ಮನೆಯವರು ಎಲ್ಲೋ ಇದ್ದಾರೆ, ನಿನ್ನ ಚಿತ್ರ ನೋಡಿಯೂ ನೋಡಿಯಾರು. ಆ ಫೋಟೊ ತೆಗೆದುಬಿಡು. ಸುಮ್ನೆ ದೋಣಿ ದಡಕ್ಕೆ ಹೋಗಲಿ. ಅವನ ಕೈ ದೋಣಿಯ ಅಂಚನ್ನು ಹಿಡಿದದ್ದು ಕಂಡರೆ ಸಾಕು.

ಮತ್ತೆ, ತೋಪು ಹಾರಿದ ಕೂಡಲೇ ದ್ವೀಪದ ಮೇಲೆ ಹೊಗೆ ಏಳುವಂತೆ ಜೋಡಿಸಿದ್ದೀಯ. ಗುಂಡಿಗೆ ಗಾಳಿಯಲ್ಲಿ ಹೊತ್ತು ಹಿಡಿಯುತ್ತದೆ. ಅದೇ 1941ರ ಮೇ 24ರ ಕಾಳಗದಲ್ಲಿ ಬ್ರಿಟಿಷರ ಹುಡ್ ಹಡಗು ಮತ್ತು ಬಿಸ್ಮಾರ್ಕ್ ಗುಂಡು ಶುರುಮಾಡಿದಾಗ ನಡುವೆ ಸುಮಾರು 24 ಕಿ.ಮೀ. ಇತ್ತು. ಒಂದೊಂದು ಗುಂಡು ಮುಟ್ಟಲು ಅರ್ಧ ನಿಮಿಷಕ್ಕಿಂತ ಜಾಸ್ತಿ. ಅಷ್ಟೂ ಹೊತ್ತು ಎಲ್ಲರೂ ಉಸಿರು ಬಿಗಿಹಿಡಿದು ನಿಂತಿರುತ್ತಾರೆ. ಎಂಟೇ ನಿಮಿಷದಲ್ಲಿ ಹುಡ್ ಸಿಡಿದು 1,415 ಜನ ಹೋದರು, ಬದುಕಿದ್ದು ಮೂವರು. ನಿನ್ನ ಹಡಗುಗಳು ಅಷ್ಟು ದೂರ ಇರಲಿಲ್ಲ, ಸರಿ. ಆದರೂ ಕೆಲವು ಸೆಕೆಂಡು ಬಿಡು. ಆ ಕೆಲವು ಸೆಕೆಂಡಿನಲ್ಲಿ ಸಂಗೀತವೂ ಬೇಡ.

ಬರುವ ತಿಂಗಳು ರಜೆ ಹಾಕಿ ಬಾ, ಕ್ಯಾಮರಾ ತಾ. ಬೆಳಗಿನ ಜಾವ ಬೀಚಿನಲ್ಲಿ ಕೂರೋಣ. ಟ್ರಾಲರ್ ಒಂದು ಚುಕ್ಕಿಯಾಗಿ ಕಂಡಲ್ಲಿಂದ ಬೈತಖೋಲ ಬಂದರು ಸೇರುವವರೆಗೆ ಒಂದೇ ಶಾಟ್‌ನಲ್ಲಿ ತೆಗೆ. ನಾನು ಗಡಿಯಾರ ನೋಡುತ್ತಿರುತ್ತೇನೆ. ಬಂಗುಡೆ ಸಾರು ಮಾಡುತ್ತೇನೆ ಅಂತ ನಿನ್ನ ಅತ್ತೆ ಹೇಳಿದ್ದಾಳೆ.

ಇತಿ,
ನಿನ್ನ ಮಾವ