‘ನಡೆಯಿರಿ’ ಎನ್ನುವುದಕ್ಕೂ ಮುಂಚಿನ ಕೆಲಸ

ಪೂಜ್ಯ ಚಿಕ್ಕಪ್ಪನವರಿಗೆ ನಮಸ್ಕಾರಗಳು.

ಜನರಿಗೆ ‘ನಡೆಯಿರಿ’ ಎಂದು ಹೇಳುವುದಕ್ಕೂ ಒಂದು ಆರೋಗ್ಯ ಇಲಾಖೆ ಬೇಕೇ ಎಂದು ಕೇಳಿದ್ದೀರಿ. ಹೇಳುವುದು ಅದರ ಕೆಲಸದಲ್ಲಿ ತೀರಾ ಸಣ್ಣ ಪಾಲು. ಯಾರು, ಯಾವಾಗ, ಎಷ್ಟು ಮೈ ದಣಿಸುತ್ತಾರೆ ಎಂದು ಅಳೆಯುವುದೇ ದೊಡ್ಡ ಕೆಲಸ. ಅಲ್ಲಿ ತಪ್ಪಿದರೆ ಮುಂದಿನದೆಲ್ಲ ತಪ್ಪುತ್ತದೆ.

ವಿಶ್ವ ಆರೋಗ್ಯ ಸಂಸ್ಥೆಯ ಪ್ರಶ್ನಾವಳಿಯಲ್ಲಿ 16 ಪ್ರಶ್ನೆಗಳಿವೆ. ದುಡಿಮೆ, ಓಡಾಟ, ಬಿಡುವಿನ ವ್ಯಾಯಾಮ ಮೂರನ್ನೂ ಬೇರೆ ಬೇರೆಯಾಗಿ ಕೇಳಿ, ಕೊನೆಗೆ ಕೂತು ಕಳೆಯುವ ಹೊತ್ತನ್ನು ಕೇಳುತ್ತಾರೆ. ಹೀಗೆ ಬಿಡಿಸಿ ಕೇಳದೆ ‘ವ್ಯಾಯಾಮ ಮಾಡ್ತೀರಾ?’ ಎಂದಷ್ಟೇ ಕೇಳಿದರೆ ದಿನವಿಡೀ ಮೂಟೆ ಹೊರುವವರೂ ‘ಇಲ್ಲ’ ಎಂದುಬಿಡುತ್ತಾರೆ. ಇತ್ತ ಒಂದು ಗಂಟೆ ವಾಕಿಂಗ್ ಎಂದವರ ಲೆಕ್ಕದಲ್ಲಿ ನಡುವೆ ನಿಂತು ಮಾತಾಡಿದ್ದೂ ಸೇರಿರುತ್ತದೆ. ಅದಕ್ಕೇ ಸಮೀಕ್ಷೆಗೆ ಹೋಗುವವರು ಚಿತ್ರದ ಕಾರ್ಡು ತೋರಿಸಿ, ಉಸಿರಾಟ ಜೋರಾಗುವ ಕೆಲಸ ಯಾವುದೆಂದು ಮೊದಲು ಮನದಟ್ಟು ಮಾಡಬೇಕು. ಅವಸರದಲ್ಲಿ ಕಾರ್ಡು ಬ್ಯಾಗಿನಲ್ಲೇ ಉಳಿದರೆ ಅಂಕಿಅಂಶ ನಂಬುವ ಹಾಗಿರುವುದಿಲ್ಲ.

ಇನ್ನು ಎಷ್ಟು ಮಾಡಬೇಕೆಂಬುದು. ಅದೇ ಸಂಸ್ಥೆಯ ಶಿಫಾರಸಿನಂತೆ ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಶ್ರಮ, ಅಂದರೆ ಮಾತಾಡಲು ಆಗುತ್ತದೆ, ಹಾಡಲು ಆಗುವುದಿಲ್ಲ ಎನ್ನುವಷ್ಟು. ಒಂದು ಸಲಕ್ಕೆ 10 ನಿಮಿಷವಾದರೂ ಆಗಬೇಕೆಂದು 2010ರ ಶಿಫಾರಸಿನಲ್ಲಿತ್ತು. 2020ರಲ್ಲಿ ಆ ಷರತ್ತು ತೆಗೆದರು. ನಾಲ್ಕು ನಿಮಿಷ ಮೆಟ್ಟಿಲು ಹತ್ತಿದ್ದೂ ಈಗ ಲೆಕ್ಕಕ್ಕಿದೆ. ಬಿಡುವೇ ಸಿಗದವರ ಮಟ್ಟಿಗೆ ಇದಕ್ಕಿಂತ ಒಳ್ಳೆಯ ತಿದ್ದುಪಡಿ ಇಲ್ಲವೆಂದೇ ನನ್ನ ಅಭಿಪ್ರಾಯ. (ದಿನಕ್ಕೆ ಹತ್ತು ಸಾವಿರ ಹೆಜ್ಜೆಯ ಮಾತು ಬಂದದ್ದು 1965ರಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದ ಹೆಜ್ಜೆ ಎಣಿಸುವ ಯಂತ್ರದ ಹೆಸರಿನಿಂದ. ಅದು ಮುಟ್ಟಲಿಲ್ಲವೆಂದು ಚಿಂತೆ ಬೇಡ.)

ಹಣ ಪೋಲಾಗುವುದು ಒಂದು ದಿನದ ನಡಿಗೆ ಜಾಥಾಗಳಲ್ಲಿ. ಬರುವವರು ಮೊದಲೇ ನಡೆಯುವ ಅಭ್ಯಾಸ ಇದ್ದವರು. ಫುಟ್‌ಪಾತೇ ಇಲ್ಲದ ರಸ್ತೆಯಲ್ಲಿ ‘ನಡೆಯಿರಿ’ ಎಂದು ಪೋಸ್ಟರ್ ಅಂಟಿಸಿ ಏನು ಪ್ರಯೋಜನ? ರಸ್ತೆ ಆರೋಗ್ಯ ಇಲಾಖೆಯ ಕೈಯಲ್ಲಿಲ್ಲ ನಿಜ, ಆದರೆ ಎಣಿಕೆ ಇದೆ. ಫುಟ್‌ಪಾತ್ ಹಾಕುವ ಮುಂಚೆ ಅದೇ ಜಾಗದಲ್ಲಿ ನಡೆದುಹೋಗುವವರನ್ನು ಎಣಿಸಿ, ಹಾಕಿದ ಮೇಲೆ ವಾರದ ಅದೇ ದಿನ, ಅದೇ ಹೊತ್ತಿಗೆ ಮತ್ತೆ ಎಣಿಸಬೇಕು. ಹೆಂಗಸರು, ಮಕ್ಕಳು, ವಯಸ್ಸಾದವರು ಎಂದು ಬೇರೆ ಕಲಂ ಇರಲಿ. ಒಟ್ಟು ಸಂಖ್ಯೆ ಹೆಚ್ಚಿದ್ದರೂ ವಯಸ್ಸಾದವರ ಕಲಂ ಖಾಲಿಯಾಗಿದ್ದರೆ ದಾಟುವ ಜಾಗವೋ, ಕೂರಲು ಬೆಂಚೋ ಇಲ್ಲವೆಂದು ಅನುಮಾನಿಸಬೇಕು. ಮೊದಲ ಎಣಿಕೆ ಬಿಟ್ಟುಹೋದರೆ ಆಮೇಲೆ ತೋರಿಸಲು ಏನೂ ಇರುವುದಿಲ್ಲ, ಮುಂದಿನ ಅನುದಾನ ಕೇಳಲೂ ಆಗುವುದಿಲ್ಲ.

ನಿಮಗೂ ಚಿಕ್ಕಮ್ಮನಿಗೂ ಒಂದು ಮಾತು. 65 ದಾಟಿದವರಿಗೆ ನಡಿಗೆಯ ಜೊತೆಗೆ ವಾರಕ್ಕೆ 3 ದಿನವಾದರೂ ಸಮತೋಲನ ಮತ್ತು ಬಲದ ವ್ಯಾಯಾಮ ಬೇಕು ಎಂದಿದೆ, ಬೀಳುವುದು ತಪ್ಪಲೆಂದು. ಕೈ ಊರದೆ ಕುರ್ಚಿಯಿಂದ ಎದ್ದು ಕೂರುವುದು, ಒಂಟಿ ಕಾಲಿನಲ್ಲಿ ನಿಲ್ಲುವುದು. ಕುರ್ಚಿಯನ್ನು ಗೋಡೆಗೆ ಒತ್ತಿ ಇಡಿ, ಇಲ್ಲದಿದ್ದರೆ ಹಿಂದೆ ಜಾರುತ್ತದೆ. ಮೊದಮೊದಲು ಗೋಡೆ ಹಿಡಿದುಕೊಂಡೇ ನಿಲ್ಲಿ.

ಇಂತಿ ನಿಮ್ಮ ಮಗಳ ಸಮಾನಳು